ಲೆಮನೇಡ್ ಸ್ಟ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಲೆಮನೇಡ್ ಸ್ಟ್ಯಾಂಡ್ ಎಂಬ ಹಳೆಯ ಕಂಪ್ಯೂಟರ್ ಆಟದ, 1979ರ ಆಪಲ್ ಟೂ ಕಂಪ್ಯೂಟರಿನ ಆವೃತ್ತಿಗೆ ಸಂಬಂಧಿಸಿದವು. ಬೇರೆ ಕಂಪ್ಯೂಟರಿನದೋ, ಈಚೆಗೆ ಯಾರೋ ಬ್ರೌಸರಿಗೆಂದು ಬರೆದದ್ದೋ ಆಡುತ್ತಿದ್ದರೆ ಅಂಕಿಗಳು ಒಂದಿಷ್ಟು ಹೆಚ್ಚುಕಡಿಮೆ ಆಗಬಹುದು. ಆಟದ ನಡೆ ಮಾತ್ರ ಬಹುತೇಕ ಇದೇ.

ಇದು ಯಾವ ಆಟ? ಯಾರು ಮಾಡಿದ್ದು?

ಮನೆ ಮುಂದೆ ಒಂದು ಮೇಜು ಹಾಕಿಕೊಂಡು ನಿಂಬೆ ಶರಬತ್ತು ಮಾರುವ ಆಟ. ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಮಕ್ಕಳು ನಿಜವಾಗಿಯೂ ಹೀಗೆ ಕೂರುತ್ತಾರೆ. ಅಲ್ಲಿ ನೆಲೆಸಿರುವ ನಮ್ಮವರ ಮಕ್ಕಳಿಗೂ ಇದು ಹೊಸದಲ್ಲ. 1973ರಲ್ಲಿ ಬಾಬ್ ಜೇಮಿಸನ್ ಎಂಬವರು ಮಿನ್ನೆಸೋಟದ ಎಂಇಸಿಸಿ ಸಂಸ್ಥೆಗಾಗಿ ಇದನ್ನು ಬರೆದರು. ಆ ರಾಜ್ಯದ ಶಾಲೆಗಳಿಗೆ ಕಂಪ್ಯೂಟರ್ ಸೌಲಭ್ಯ ಒದಗಿಸುವುದು ಆ ಸಂಸ್ಥೆಯ ಕೆಲಸವಾಗಿತ್ತು. ಆರೆಗಾನ್ ಟ್ರೇಲ್ ಆಟವನ್ನು ಶಾಲೆ ಶಾಲೆಗೆ ಮುಟ್ಟಿಸಿದ್ದೂ ಇವರೇ. ಆಗ ಪರದೆ ಇರಲಿಲ್ಲ, ಟೆಲಿಟೈಪ್ ಯಂತ್ರದಲ್ಲಿ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. 1979ರಲ್ಲಿ ಆಪಲ್ ಕಂಪನಿಯ ಚಾರ್ಲಿ ಕೆಲ್ನರ್ ಇದನ್ನು ಆಪಲ್ ಟೂಗೆ ತಂದು ಚಿತ್ರ, ಬಣ್ಣ, ಸಂಗೀತದ ತುಣುಕುಗಳನ್ನು ಸೇರಿಸಿದರು. ಜನರ ನೆನಪಿನಲ್ಲಿ ಉಳಿದಿರುವುದು ಇದೇ ಆವೃತ್ತಿ.

ಈಗ ಎಲ್ಲಿ ಸಿಗುತ್ತದೆ?

ಇಂಟರ್ನೆಟ್ ಆರ್ಕೈವ್‌ನ ಹಳೆಯ ಆಪಲ್ ಟೂ ತಂತ್ರಾಂಶಗಳ ಸಂಗ್ರಹದಲ್ಲಿ ಬ್ರೌಸರಿನಲ್ಲೇ ಆಡಬಹುದು. ಡಿಸ್ಕ್ ಇಮೇಜ್ (ಹಳೆಯ ಡಿಸ್ಕಿನ ನಕಲು ಕಡತ) ಇದ್ದರೆ ಯಾವುದೇ ಆಪಲ್ ಟೂ ಎಮ್ಯುಲೇಟರಿನಲ್ಲೂ, ಅಂದರೆ ಆ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲೂ, ಓಡುತ್ತದೆ. ಮೊಬೈಲಿಗಿಂತ ಕೀಬೋರ್ಡ್ ಇರುವ ಕಂಪ್ಯೂಟರ್ ವಾಸಿ. ಆಟವೆಲ್ಲ ಅಂಕಿ ಒತ್ತಿ ರಿಟರ್ನ್ ಹೊಡೆಯುವುದೇ.

ಒಂದು ದಿನದ ಆಟ ಹೇಗಿರುತ್ತದೆ?

ಮೊದಲು ಆ ದಿನದ ಹವಾಮಾನ ಚಿತ್ರವಾಗಿ ಬರುತ್ತದೆ. ಆಮೇಲೆ ಒಂದು ಲೋಟದ ಅಸಲು ಎಷ್ಟು, ನಿಮ್ಮ ಕೈಯಲ್ಲಿ ದುಡ್ಡೆಷ್ಟು ಎಂದು ಹೇಳುತ್ತದೆ. ನೀವು ಮೂರೇ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ಎಷ್ಟು ಲೋಟ ಮಾಡುತ್ತೀರಿ, ಎಷ್ಟು ಜಾಹೀರಾತು ಬೋರ್ಡು ಹಾಕುತ್ತೀರಿ, ಲೋಟಕ್ಕೆ ಎಷ್ಟು ಬೆಲೆ. ಬೋರ್ಡು ಒಂದಕ್ಕೆ 15 ಸೆಂಟ್ ಖರ್ಚು. ಎಲ್ಲರೂ ಉತ್ತರ ಕೊಟ್ಟ ಮೇಲೆ ಲೆಮನ್ಸ್‌ವಿಲ್ ಎಂಬ ಆ ಊರಿನ ದಿನದ ಲೆಕ್ಕಪತ್ರ ಬರುತ್ತದೆ. ಮಾರಿದ ಲೋಟ, ಬಂದ ಹಣ, ಮಾಡಿದ ಲೋಟ, ಹಾಕಿದ ಬೋರ್ಡು, ಖರ್ಚು, ಲಾಭ, ಕೈಯಲ್ಲಿ ಉಳಿದದ್ದು, ಎಲ್ಲ ಒಂದೇ ಪರದೆಯಲ್ಲಿ. ಅದನ್ನು ಓದದೆ ಸರಕ್ಕನೆ ಮುಂದೆ ಹೋಗುವವರೇ ಹೆಚ್ಚು. ಮಾಡಿದ ಲೋಟಕ್ಕೂ ಮಾರಿದ ಲೋಟಕ್ಕೂ ಎಷ್ಟು ಅಂತರ ಎಂಬ ಒಂದೇ ಸಂಗತಿ ನೋಡಿಕೊಂಡರೂ ಅರ್ಧ ಆಟ ಕೈಗೆ ಬಂದಂತೆ.

ಬೆಲೆಯನ್ನು ಡಾಲರಿನಲ್ಲಿ ಬರೆಯಬೇಕೋ, ಸೆಂಟಿನಲ್ಲೋ?

ಸೆಂಟಿನಲ್ಲಿ. ಹತ್ತು ಸೆಂಟ್ ಎಂದರೆ ಬರೀ 10. ನೂರಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಲೋಟ 1000ದವರೆಗೆ, ಬೋರ್ಡು 50ರವರೆಗೆ. ಅದಕ್ಕೂ ಮೀರಿ ಬರೆದರೆ ಸ್ವಲ್ಪ ನ್ಯಾಯವಾಗಿ ಆಡಿ ಎಂದು ಗದರಿ ಮತ್ತೆ ಕೇಳುತ್ತದೆ. ಕೈಯಲ್ಲಿರುವ ದುಡ್ಡಿಗಿಂತ ಹೆಚ್ಚು ಲೋಟ ಕೇಳಿದರೂ ಅಷ್ಟೇ: ನಿಮ್ಮ ಹತ್ತಿರ ಇರುವುದಿಷ್ಟು, ಬೇಕಾಗಿರುವುದಿಷ್ಟು ಎಂದು ಮುಖಕ್ಕೇ ಹೇಳುತ್ತದೆ. ಸಾಲ ಸಿಗುವ ಮಾತೇ ಇಲ್ಲ.

ಸರಿ, ಬೆಲೆ ಎಷ್ಟಿಡಬೇಕು?

ಹತ್ತು ಸೆಂಟ್. ಹೆಚ್ಚುಕಡಿಮೆ ಯಾವಾಗಲೂ.

ಇದು ಊಹೆಯಲ್ಲ, ಪ್ರೋಗ್ರಾಮಿನಲ್ಲೇ ಇದೆ. ಹತ್ತು ಸೆಂಟಿಗೆ, ಒಂದೂ ಬೋರ್ಡಿಲ್ಲದೆ, ಸಾಮಾನ್ಯ ಬಿಸಿಲಿನ ದಿನ 30 ಲೋಟ ಹೋಗುತ್ತದೆ. ಬೆಲೆ ಹತ್ತಕ್ಕಿಂತ ಇಳಿದರೆ ಒಂದು ಸೂತ್ರ, ಏರಿದರೆ ಇನ್ನೊಂದು. ಇಳಿಸುವಾಗ ಗಿರಾಕಿಗಳು ನಿಧಾನವಾಗಿ, ಸಮನಾದ ಹೆಜ್ಜೆಯಲ್ಲಿ ಹೆಚ್ಚುತ್ತಾರೆ. ಬೆಲೆಯನ್ನು ಅರ್ಧಕ್ಕೆ, ಅಂದರೆ 5 ಸೆಂಟಿಗೆ ತಂದರೂ 30 ಇದ್ದದ್ದು 42 ಆಗುತ್ತದೆ, ಅಷ್ಟೇ. ಪುಕ್ಕಟೆ ಕೊಟ್ಟರೂ 54 ದಾಟುವುದಿಲ್ಲ. ಏರಿಸುವಾಗ ಮಾತ್ರ ಬೆಲೆಯ ವರ್ಗಕ್ಕೆ (ಬೆಲೆಯನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಜನ ಕರಗುತ್ತಾರೆ. 15 ಸೆಂಟಿಗೆ 13 ಲೋಟ. 20 ಸೆಂಟಿಗೆ 7.

ಗಲ್ಲಾಪೆಟ್ಟಿಗೆಗೆ ಬೀಳುವ ಹಣ ಲೆಕ್ಕ ಹಾಕಿ ನೋಡಿ. ಐದು ಸೆಂಟಿಗೆ ಮಾರಿದರೆ 2.10 ಡಾಲರ್, ಹತ್ತಕ್ಕೆ 3.00, ಹದಿನೈದಕ್ಕೆ 1.95, ಇಪ್ಪತ್ತಕ್ಕೆ 1.40. ಕಡಿಮೆ ಬೆಲೆಗೆ ಕೊಟ್ಟು ಹೆಚ್ಚು ಮಾರಿ ದುಡ್ಡು ಮಾಡೋಣ ಎಂಬ ನಮ್ಮ ಸಂತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಡಿಮೆ ಬೆಲೆಗೆ ಹೆಚ್ಚು ಲೋಟ ಮಾಡಬೇಕು, ಒಂದೊಂದಕ್ಕೂ ಅಸಲು ಹಾಕಬೇಕು, ಲಾಭ ಇನ್ನೂ ಕೆಳಗೆ ಹೋಗುತ್ತದೆ.

ಏಳನೇ ದಿನದ ನಂತರ ಅಸಲು 5 ಸೆಂಟ್ ಆದಾಗ 11ಕ್ಕೆ ಏರಿಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಏರಿಸಬಹುದು, ಆದರೆ ವ್ಯತ್ಯಾಸ ಒಂದೆರಡು ಸೆಂಟಿನ ಆಚೀಚೆ. ತಲೆಕೆಡಿಸಿಕೊಳ್ಳುವಷ್ಟಿಲ್ಲ.

ಜಾಹೀರಾತು ಬೋರ್ಡು ಎಷ್ಟು ಹಾಕಬೇಕು?

ಸಾಮಾನ್ಯ ಬಿಸಿಲಿನ ದಿನ ಮೂರು. ಇದರ ಹಿಂದಿನ ಲೆಕ್ಕ ಈ ಆಟದಲ್ಲೇ ನನಗೆ ತುಂಬ ಇಷ್ಟವಾದದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೋರ್ಡು ಎಷ್ಟೇ ಹಾಕಿ, ಮಾರಾಟ ಎರಡು ಪಟ್ಟಿನ ಮೇಲೆ ಹೋಗುವುದಿಲ್ಲ. ಹತ್ತು ಸೆಂಟಿಗೆ 30 ಲೋಟ ಹೋಗುವ ಕಡೆ ನೂರು ಬೋರ್ಡು ಹಾಕಲು ಬಿಟ್ಟರೂ 60 ಮುಟ್ಟುವುದಿಲ್ಲ. ಒಂದೊಂದು ಬೋರ್ಡೂ ಆ 60ಕ್ಕೆ ಇನ್ನೂ ಎಷ್ಟು ಬಾಕಿ ಇದೆಯೋ ಅದರಲ್ಲಿ ಸುಮಾರು 39% ತುಂಬುತ್ತದೆ. ಮೊದಲ ಬೋರ್ಡಿಗೆ 30 ಹೋಗಿ 41. ಎರಡನೆಯದಕ್ಕೆ 48. ಮೂರಕ್ಕೆ 53, ನಾಲ್ಕಕ್ಕೆ 55, ಐದಕ್ಕೆ 57, ಆರಕ್ಕೆ 58. ಮೊದಲನೆಯದು ಹನ್ನೊಂದು ಗಿರಾಕಿಗಳನ್ನು ತಂದರೆ ಆರನೆಯದು ತರುವುದು ಒಬ್ಬನನ್ನು. ಖರ್ಚು ಮಾತ್ರ ಎರಡಕ್ಕೂ ಅದೇ 15 ಸೆಂಟ್.

ಅಸಲು 2 ಸೆಂಟ್ ಇರುವ ದಿನ, ಹತ್ತು ಸೆಂಟ್ ಬೆಲೆಯಲ್ಲಿ, ಬೋರ್ಡಿಲ್ಲದಿದ್ದರೆ ಲಾಭ 2.40 ಡಾಲರ್. ಒಂದು ಹಾಕಿದರೆ 3.13, ಎರಡಕ್ಕೆ 3.54, ಮೂರಕ್ಕೆ 3.79, ನಾಲ್ಕಕ್ಕೆ 3.80, ಐದಕ್ಕೆ 3.81, ಆರಕ್ಕೆ 3.74. ಮೂರರಿಂದ ಐದರವರೆಗೆ ಲಾಭ ಒಂದೇ ಕಡೆ ನಿಂತಿರುವುದನ್ನು ಗಮನಿಸಿ. ಹಾಗಿದ್ದ ಮೇಲೆ ಎರಡು ಸೆಂಟ್ ಹೆಚ್ಚು ಲಾಭಕ್ಕಾಗಿ 30 ಸೆಂಟಿನ ಬೋರ್ಡನ್ನು ಅಪಾಯಕ್ಕೆ ಒಡ್ಡುವುದೇಕೆ? ಮೂರು ಸಾಕು ಎಂದದ್ದು ಅದಕ್ಕೆ. ಅಸಲು ಏರಿದ ಮೇಲಂತೂ ಮೂರೇ ಎಲ್ಲಕ್ಕಿಂತ ಲಾಭದ ಸಂಖ್ಯೆ.

ಬೋರ್ಡು ಮರುದಿನಕ್ಕೆ ಉಳಿಯುವುದಿಲ್ಲ. ಪ್ರತಿದಿನ ಹೊಸದಾಗಿ ದುಡ್ಡು ಕೊಟ್ಟು ಹಾಕಬೇಕು.

ಮೊದಲ ದಿನ ಕೈಯಲ್ಲಿ 2 ಡಾಲರ್ ಮಾತ್ರ. ಏನು ಮಾಡಲಿ?

53 ಲೋಟ, 3 ಬೋರ್ಡು, 10 ಸೆಂಟ್. ಖರ್ಚು 1.51 ಡಾಲರ್. ಬೋಣಿಯಾಗಿ ಅಂಗಡಿ ಮುಚ್ಚುವಷ್ಟರಲ್ಲಿ ಕೈಯಲ್ಲಿ 5.79 ಇರುತ್ತದೆ. ಎರಡನೇ ದಿನವೂ ಕಣ್ಣುಮುಚ್ಚಿ ಇದನ್ನೇ ಮಾಡಿ, 9.58 ಆಗುತ್ತದೆ. ಮೊದಲ ಎರಡು ದಿನ ಹವಾಮಾನ ಯಾವಾಗಲೂ ಬಿಸಿಲು, ಯಾವ ಅನಾಹುತವೂ ಇಲ್ಲ. ಪ್ರೋಗ್ರಾಮ್ ಹಾಗೇ ಬರೆದಿದೆ. ಹೆದರಿ ಹತ್ತು ಲೋಟ ಮಾಡಿ ಕೂರಬೇಡಿ. ಹಾಗೆ ಕೂತವರು ಮೂರನೇ ದಿನ ಅಸಲು ಏರಿದಾಗ ಒದ್ದಾಡುತ್ತಾರೆ.

ಮೂರನೇ ದಿನ ಇದ್ದಕ್ಕಿದ್ದಂತೆ ಲಾಭ ಕಡಿಮೆಯಾಯಿತಲ್ಲ, ಯಾಕೆ?

ಅಮ್ಮ ಪುಕ್ಕಟೆ ಸಕ್ಕರೆ ಕೊಡುವುದನ್ನು ನಿಲ್ಲಿಸಿದಳು. ತಮಾಷೆಯಲ್ಲ, ಪರದೆಯ ಮೇಲೆ ಹೀಗೇ ಬರುತ್ತದೆ. ಅಲ್ಲಿಂದ ಲೋಟದ ಅಸಲು 2 ಸೆಂಟಿನಿಂದ 4ಕ್ಕೆ ಏರುತ್ತದೆ. ಏಳನೇ ದಿನ ಶರಬತ್ತಿನ ಪುಡಿಯ ಬೆಲೆ ಏರಿ 5 ಸೆಂಟ್ ಆಗುತ್ತದೆ, ಆಮೇಲೆ ಅಲ್ಲಿಯೇ ನಿಲ್ಲುತ್ತದೆ. ಅದೇ 53 ಲೋಟ, 3 ಬೋರ್ಡಿಗೆ ಸಾಮಾನ್ಯ ದಿನದ ಲಾಭ ಮೊದಲು 3.79 ಇದ್ದದ್ದು ಆಮೇಲೆ 2.73, ಕೊನೆಗೆ 2.20. ಏನೂ ಕೆಟ್ಟಿಲ್ಲ, ನಿಮ್ಮ ಆಟವೂ ಸರಿಯಾಗೇ ಇದೆ. ಅಸಲು ಏರಿತೆಂದು ಬೆಲೆ 15ಕ್ಕೆ ಏರಿಸುವುದು ಇಲ್ಲಿ ಎಲ್ಲರೂ ಮಾಡುವ ಎಡವಟ್ಟು. ಅಮ್ಮ ಸಕ್ಕರೆ ಕೊಡುತ್ತಾಳೋ ಇಲ್ಲವೋ ಎಂಬುದು ದಾರಿಹೋಕನಿಗೆ ಬೇಕಿಲ್ಲ.

ಬಿಸಿಗಾಳಿ ಎಂದು ಬಂದ ದಿನ ಬೆಲೆ ಏರಿಸಬಹುದಲ್ಲವೇ?

ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಏರಿಸಬೇಡಿ. ಅಂದು ಗಿರಾಕಿಗಳ ಸಂಖ್ಯೆ ಎರಡು ಪಟ್ಟಾಗುತ್ತದೆ, ಬೆಲೆಯ ಬಗ್ಗೆ ಅವರ ಜಿಪುಣತನ ಮಾತ್ರ ಹಾಗೇ ಇರುತ್ತದೆ. ಹತ್ತು ಸೆಂಟಿಗೇ 115 ಲೋಟ ಮಾಡಿ 5 ಬೋರ್ಡು ಹಾಕಿ. ಅಸಲು 4 ಸೆಂಟ್ ಇದ್ದರೆ ಲಾಭ 6.15. ಅದೇ ದಿನ 15 ಸೆಂಟ್ ಇಟ್ಟು, ಅದಕ್ಕೆ ತಕ್ಕಂತೆ 51 ಲೋಟವನ್ನೇ ಮಾಡಿದರೂ ಲಾಭ 4.86ಕ್ಕೆ ಇಳಿಯುತ್ತದೆ.

ಈ ಆಟದ ಗುಟ್ಟೆಲ್ಲ ಇಷ್ಟೇ: ಹವಾಮಾನ ಬದಲಾದಾಗ ಬೆಲೆ ಮುಟ್ಟಬೇಡಿ, ಲೋಟ ಮತ್ತು ಬೋರ್ಡುಗಳ ಸಂಖ್ಯೆ ಬದಲಿಸಿ. ಮೊದಲ ಕೆಲವು ದಿನ ಕಳೆದ ಮೇಲೆ ನೂರರಲ್ಲಿ 60 ದಿನ ಸಾಮಾನ್ಯ ಬಿಸಿಲು, 20 ಮೋಡ, 20 ಬಿಸಿಗಾಳಿ ಎಂಬ ಹದದಲ್ಲಿ ಆಟ ಹವಾಮಾನ ಆರಿಸುತ್ತದೆ. ಬಿಸಿಗಾಳಿಯ ದಿನ 53 ಲೋಟವನ್ನೇ ಮಾಡಿ ಮಧ್ಯಾಹ್ನಕ್ಕೆ ಕೈ ಚೆಲ್ಲಿ ಕೂತರೆ ನಷ್ಟ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಮಾಡಿದ್ದೆಲ್ಲ ಮಾರಿಹೋಯಿತು ಎಂದು ಖುಷಿಪಡುತ್ತೀರಿ, ಇನ್ನೂ ಅರವತ್ತು ಜನ ಬಾಯಾರಿ ವಾಪಸ್ ಹೋದದ್ದು ಅಲ್ಲಿ ಬರೆದಿರುವುದಿಲ್ಲ.

ಮೋಡದ ದಿನ ಅಂಗಡಿ ತೆರೆಯುವುದೇ ಬೇಡವೇ?

ತೆರೆಯಿರಿ, ಆದರೆ ಕೈ ಬಿಗಿಹಿಡಿದು. ತುಂತುರು ಮಳೆಯ ಸಂಭವ 30, 40, 50, 60 ಅಥವಾ 70% ಎಂದು ಆಟ ಹೇಳುತ್ತದೆ. ಎಷ್ಟು ಶೇಕಡಾ ಹೇಳಿತೋ ಅಷ್ಟೇ ಶೇಕಡಾ ಗಿರಾಕಿಗಳು ಕಡಿಮೆ ಎಂದು ತಿಳಿಯಿರಿ. 30% ಎಂದರೆ ವ್ಯಾಪಾರದ ಹತ್ತರಲ್ಲಿ ಏಳು ಪಾಲು ಸಿಗುತ್ತದೆ.

30% ಎಂದಾಗ 2 ಬೋರ್ಡು, 34 ಲೋಟ. 50% ಎಂದಾಗ 1 ಬೋರ್ಡು, 20 ಲೋಟ. 70% ಎಂದಾಗ ಬೋರ್ಡೇ ಬೇಡ, 9 ಲೋಟ ಸಾಕು. ಬೋರ್ಡು ಇಷ್ಟು ಕಡಿಮೆ ಏಕೆಂದರೆ ಮೋಡದ ದಿನಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ದಿನ ಗುಡುಗುಮಳೆಯಾಗಿ ಮುಗಿಯುತ್ತದೆ.

ಗುಡುಗುಮಳೆ ಬಂದರೆ?

ಆ ದಿನದ ಕತೆ ಮುಗಿದಂತೆ. ನೀವು ಲೋಟ, ಬೋರ್ಡು, ಬೆಲೆ ಎಲ್ಲ ಹೇಳಿಯಾದ ಮೇಲೆ, ಅಂಗಡಿ ಹೂಡುತ್ತಿರುವ ಹೊತ್ತಿಗೆ ಮಳೆ ಹೊಡೆದು ಎಲ್ಲ ಹಾಳಾಯಿತು ಎಂದು ಬರುತ್ತದೆ. ಒಂದು ಲೋಟವೂ ಹೋಗುವುದಿಲ್ಲ, ಹಾಕಿದ್ದು ನೀರುಪಾಲು. ಪೆಟ್ಟಿಗೆಯಲ್ಲಿ ಉಳಿಸಿಕೊಂಡ ದುಡ್ಡಿಗೆ ಏನೂ ಆಗುವುದಿಲ್ಲ. ತಪ್ಪಿಸಿಕೊಳ್ಳುವ ಉಪಾಯವಿಲ್ಲ, ಮೋಡದ ದಿನ ಕಡಿಮೆ ಹೂಡುವುದೊಂದೇ.

ರಸ್ತೆ ಇಲಾಖೆ ಕೆಲಸ ಮಾಡುತ್ತಿದೆ, ವಾಹನ ಸಂಚಾರ ಇಲ್ಲ ಎಂದು ಬಂತು. ಅಂದು ಏನು ಮಾಡಬೇಕು?

ಅಂದಿನದು ಜೂಜು. ರಸ್ತೆಯಲ್ಲಿ ಜನವಿಲ್ಲದೆ ವ್ಯಾಪಾರ ಹತ್ತನೇ ಒಂದು ಪಾಲಿಗೆ ಕುಸಿಯಬಹುದು, ಆಗ ಮೂರ್ನಾಲ್ಕು ಲೋಟ ಹೋದರೆ ಹೆಚ್ಚು. ಇಲ್ಲವೇ ಆ ರಸ್ತೆ ಕೆಲಸಗಾರರೇ ಊಟದ ಹೊತ್ತಿಗೆ ಬಂದು ಇದ್ದಬದ್ದ ಶರಬತ್ತನ್ನೆಲ್ಲ ಕೊಂಡುಬಿಡಬಹುದು. ಹಾಗೆ ಕೊಳ್ಳುವಾಗ ಅವರು ಬೆಲೆ ನೋಡುವುದಿಲ್ಲ. ಬಿಸಿಲಲ್ಲಿ ಡಾಂಬರು ಹಾಕಿ ಬಂದವರು ಚೌಕಾಸಿ ಮಾಡುತ್ತಾರೆಯೇ!

ಬೋರ್ಡು ಹಾಕಬೇಡಿ. ಖಾಲಿ ರಸ್ತೆಯಲ್ಲಿ ಓದುವವರಿಲ್ಲ, ಕೆಲಸಗಾರರಿಗೆ ಬೋರ್ಡಿನ ಅಗತ್ಯವಿಲ್ಲ. ಕೈಯಲ್ಲಿರುವುದರಲ್ಲಿ ಹೋದರೂ ಅಳು ಬಾರದಷ್ಟು ದುಡ್ಡಿಗೆ ಲೋಟ ಮಾಡಿ. ಬೆಲೆ ಏರಿಸಬಹುದಾದ ದಿನ ಇಡೀ ಆಟದಲ್ಲಿ ಇದೊಂದೇ. ಮೇಲೆ ಯಾವಾಗಲೂ ಹತ್ತು ಎಂದು ಹೇಳುವಾಗ ಹೆಚ್ಚುಕಡಿಮೆ ಎಂದು ಸೇರಿಸಿದ್ದು ಈ ದಿನಕ್ಕಾಗಿ.

ಉಳಿದ ಶರಬತ್ತನ್ನು ನಾಳೆ ಮಾರಬಹುದೇ?

ಇಲ್ಲ. ಉಳಿದದ್ದು ಚೆಲ್ಲಿದಂತೆ. ಪ್ರತಿದಿನ ಹೊಸ ಲೆಕ್ಕ.

ಇಬ್ಬರು ಮೂವರು ಸೇರಿ ಆಡಿದರೆ ಗಿರಾಕಿಗಳು ಹಂಚಿಹೋಗುತ್ತಾರೆಯೇ? ನಾನು ಬೆಲೆ ಇಳಿಸಿದರೆ ಎದುರಾಳಿಗೆ ಪೆಟ್ಟು ಬೀಳುತ್ತದೆಯೇ?

ಬೀಳುವುದಿಲ್ಲ. ಒಟ್ಟು 30 ಜನ ಆಡಬಹುದು, ಆದರೆ ಒಬ್ಬರ ಅಂಗಡಿಗೂ ಇನ್ನೊಬ್ಬರ ಅಂಗಡಿಗೂ ಸಂಬಂಧವಿಲ್ಲ. ಹವಾಮಾನ ಮಾತ್ರ ಎಲ್ಲರಿಗೂ ಒಂದೇ. ನೀವು 1 ಸೆಂಟಿಗೆ ಮಾರಿದರೂ ಪಕ್ಕದವರ ಹತ್ತು ಸೆಂಟಿನ ಗಿರಾಕಿಗಳು ಕದಲುವುದಿಲ್ಲ. ಆಟದ ನಿಜವಾದ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ. ಅಂಗಡಿಯವರ ಪೈಪೋಟಿಯೇ ಇಲ್ಲದ ಊರಿನಲ್ಲಿ ವ್ಯಾಪಾರ ಕಲಿಸುತ್ತೇನೆ ಎಂದರೆ ಅರ್ಧ ಕಲಿಸಿದಂತೆ. ಒಂದು ತರಗತಿಯ ಮಕ್ಕಳೆಲ್ಲ ಒಂದೇ ಯಂತ್ರದ ಮುಂದೆ ಸರದಿಯಲ್ಲಿ ಆಡಲಿ, ಒಬ್ಬರ ಪೆದ್ದುತನಕ್ಕೆ ಇನ್ನೊಬ್ಬರು ದಂಡ ತೆರುವುದು ಬೇಡ ಎಂಬುದಕ್ಕೆ ಇದು ಅನುಕೂಲ, ಅದು ಬೇರೆ ಮಾತು.

ಜೊತೆಗೆ ಆಡುವಾಗ ಒಂದು ಎಚ್ಚರಿಕೆ: ನಿಮ್ಮ ಅಂಕಿಗಳು ಪರದೆಯ ಮೇಲೇ ಇರುತ್ತವೆ, ಮುಂದಿನವರು ನೋಡಿ ನಕಲು ಹೊಡೆಯುತ್ತಾರೆ.

ದಿವಾಳಿ ಯಾವಾಗ ಆಗುತ್ತದೆ?

ಒಂದು ಲೋಟ ಮಾಡುವಷ್ಟೂ ಕಾಸು ಉಳಿಯದಿದ್ದಾಗ. ಅಲ್ಲಿಗೆ ನೀವು ಹೊರಗೆ, ಉಳಿದವರು ಆಡುತ್ತಿರಬಹುದು. ಇದ್ದದ್ದನ್ನೆಲ್ಲ ಮೋಡದ ದಿನ ಸುರಿದರೆ ಒಂದೇ ಮಳೆಗೆ ಇದು ಆಗಿಬಿಡುತ್ತದೆ. ಮೇಲೆ ಹೇಳಿದಂತೆ ಆಡಿದವರಿಗೆ ಆಗುವುದಿಲ್ಲ.

ಆಟಕ್ಕೆ ಕೊನೆ ಇದೆಯೇ? ಸೇವ್ ಮಾಡುವುದು ಹೇಗೆ?

ಗೆಲುವಿನ ಗೆರೆ ಎಂದು ಯಾವುದೂ ಇಲ್ಲ. ಬೇಸರವಾದಾಗ ಎಸ್ಕೇಪ್ ಒತ್ತಿ ನಿಲ್ಲಿಸುವುದು. ನಾಲ್ಕೈದು ಜನ ಇದ್ದರೆ ಹನ್ನೆರಡು ದಿನ ಎಂದು ಮೊದಲೇ ಮಾತಾಡಿಕೊಳ್ಳಿ, ಅಷ್ಟರಲ್ಲಿ ಅಸಲು ಎರಡು ಸಲ ಏರಿ ಎಲ್ಲ ಬಗೆಯ ಹವಾಮಾನವೂ ಸಾಮಾನ್ಯವಾಗಿ ಬಂದುಹೋಗಿರುತ್ತದೆ.

ಸೇವ್ ಮಾಡುವ ವ್ಯವಸ್ಥೆ ಇಲ್ಲ, ಅದರ ಬದಲು ನಂಬಿಕೆ ಇದೆ. ಹಳೆಯ ಆಟ ಮುಂದುವರಿಸುತ್ತೇನೆ ಎಂದರೆ ಎಷ್ಟನೇ ದಿನ ನಿಲ್ಲಿಸಿದಿರಿ, ಕೈಯಲ್ಲಿ ಎಷ್ಟಿತ್ತು ಎಂದು ನಿಮ್ಮನ್ನೇ ಕೇಳುತ್ತದೆ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸುಳ್ಳು ಹೇಳಲು ಹೋದರೆ ಅದಕ್ಕೂ ತಯಾರಾಗಿದೆ: ತೀರಾ ದೊಡ್ಡ ಮೊತ್ತ ಹೇಳಿದರೆ, ಎಲ್ಲರಿಗೂ ನ್ಯಾಯ ಆಗಲಿ, 10 ಡಾಲರ್ ಎಂದಿಟ್ಟುಕೊಳ್ಳೋಣ ಎನ್ನುತ್ತದೆ. 2 ಡಾಲರಿಗಿಂತ ಕಡಿಮೆ ಎಂದರೆ ಕನಿಕರಪಟ್ಟು 2 ಕೊಡುತ್ತದೆ.

ನಾನು ಆಡುವ ಆಟದಲ್ಲಿ ನಿಂಬೆಹಣ್ಣು, ಸಕ್ಕರೆ, ಐಸ್ ಎಲ್ಲ ಬೇರೆ ಬೇರೆ ಕೊಳ್ಳಬೇಕು. ಅದೂ ಇದೇನಾ?

ಅಲ್ಲ. ಅದು ಲೆಮನೇಡ್ ಟೈಕೂನ್ ಅಥವಾ ಅದರ ಜಾತಿಯ ಬೇರೆ ಯಾವುದೋ ಇರಬೇಕು. ಇದರ ಮೊಮ್ಮಕ್ಕಳು ಎನ್ನಬಹುದು. ಇಲ್ಲಿ ಹೇಳಿದ ಅಂಕಿಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮಕ್ಕಳಿಗೆ ಆಡಿಸಬಹುದೇ? ಇಂಗ್ಲಿಷ್ ಗೊತ್ತಿರಬೇಕೇ?

ಗುಣಾಕಾರ ಬರುವ ಮಗುವಿಗೆ ಸಾಕು. ಬರುವ ವಾಕ್ಯಗಳು ಹತ್ತಿಪ್ಪತ್ತು, ಮತ್ತೆ ಮತ್ತೆ ಅವೇ ಬರುತ್ತವೆ, ಒಂದು ಸಲ ಓದಿ ಹೇಳಿದರೆ ಆಮೇಲೆ ಮಗುವೇ ನೋಡಿಕೊಳ್ಳುತ್ತದೆ. ಈ ಪುಟದ ಅಂಕಿಗಳನ್ನು ಮಾತ್ರ ಮೊದಲೇ ಕೊಡಬೇಡಿ. ಬೆಲೆಯೊಂದನ್ನೇ ದಿನಕ್ಕೊಂದರಂತೆ ಬದಲಿಸಿ ಮಾರಿದ ಲೋಟ ಬರೆದಿಡು ಎಂದು ಒಂದು ಹಾಳೆ ಕೊಡಿ. 8, 9, 10, 11, 12 ಬರೆಯುತ್ತ ಹೋದ ಮಗುವಿಗೆ ಹತ್ತರ ಹತ್ತಿರ ಏನೋ ಇದೆ ಎಂದು ತಾನಾಗಿ ಗೊತ್ತಾಗುತ್ತದೆ.

ಈ ಸೂತ್ರಗಳನ್ನೆಲ್ಲ ನಾನೇ ನೋಡಬಹುದೇ?

ನೋಡಬಹುದು. ಆಟ ಆಪಲ್‌ಸಾಫ್ಟ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಓಡುತ್ತಿರುವಾಗ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ, ಲಿಸ್ಟ್ ಎಂದು ಟೈಪ್ ಮಾಡಿದರೆ ಸಾಲುಗಳು ಉರುಳುತ್ತವೆ. ಆರಂಭದ ಸಾಲುಗಳಲ್ಲೇ 10, 30, .15 ಎಂಬ ಅಂಕಿಗಳು ಕಾಣುತ್ತವೆ: ಹದವಾದ ಬೆಲೆ, ಆ ಬೆಲೆಗೆ ಹೋಗುವ ಲೋಟ, ಬೋರ್ಡಿನ ಖರ್ಚು. 30ರ ಜಾಗದಲ್ಲಿ 60 ಬರೆದು ರನ್ ಮಾಡಿದರೆ ಊರಿನ ಜನಸಂಖ್ಯೆ ದುಪ್ಪಟ್ಟಾದಂತೆ. 10ನ್ನು 12 ಮಾಡಿ, ಯಾರಿಗೂ ಹೇಳದೆ, ಈ ಪುಟ ಓದಿ ಬಂದ ಗೆಳೆಯರ ಜೊತೆ ಆಡಲು ಕೂತು ನೋಡಿ.